ಗಿಲ್ಮನ್ ಅನ್ನೋ ಊರನ್ನ ಮರೀಬೇಡಿ: ಅಮೆರಿಕದ ರೈಲ್ವೆ ಬೋರ್ಡ್‌ಗೆ ಒಂದು ಬಹಿರಂಗ ಪತ್ರ

ವಾಷಿಂಗ್ಟನ್‌ನಲ್ಲಿರೋ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್‌ನ ಎಲ್ಲ ಸದಸ್ಯರಿಗೆ ನಮಸ್ಕಾರ.

ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ಬೇರೆ ಕಳಿಸ್ತೀನಿ. ಕನ್ನಡದಲ್ಲೂ ಯಾಕೆ ಬರೀತಿದೀನಿ ಅಂದ್ರೆ ಈ ದೇಶದಲ್ಲಿ ನೆಲೆಸಿರೋ ನಮ್ಮ ಜನಾನೂ ಇದನ್ನ ಓದ್ಬೇಕು. ಇಲ್ಲಿ ಓಟು ಹಾಕ್ತೀವಿ, ಟ್ಯಾಕ್ಸ್ ಕಟ್ತೀವಿ, ಆದ್ರೆ ರೈಲ್ವೆ ಕಂಪನಿಗಳ ರೇಟು, ವಿಲೀನದ ಮೇಲೆ ಕಣ್ಣಿಡೋ ನಿಮ್ಮ ಬೋರ್ಡ್ ಅಂತ ಒಂದಿದೆ ಅಂತಾನೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ತುಂಬಾ ವರ್ಷ ಗೊತ್ತಿರ್ಲಿಲ್ಲ.

ನಾನು ಇಲಿನಾಯ್‌ಗೆ ಓದೋಕೆ ಬಂದವನು. ಶಾಂಪೇನ್‌ನಿಂದ ಶಿಕಾಗೋಗೆ ಆಮ್‌ಟ್ರಾಕ್ ರೈಲಲ್ಲಿ ಹೋಗ್ವಾಗ ಮಧ್ಯೆ ಗಿಲ್ಮನ್ ಅಂತ ಒಂದು ಸಣ್ಣ ಸ್ಟೇಷನ್ ಬರುತ್ತೆ. ಸುತ್ತ ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ, ಸೋಯಾ. ನಾನು ದಾವಣಗೆರೆ ಕಡೆಯವನು, ನಮ್ಮಪ್ಪನೂ ಮೆಕ್ಕೆಜೋಳ ಬೆಳೀತಿದ್ರು, ಹಂಗಾಗಿ ಆ ಹೊಲ ಕಂಡಾಗೆಲ್ಲ ಕಿಟಕಿಗೆ ಮುಖ ಒತ್ತಿ ಕೂರ್ತಿದ್ದೆ. ಆ ಸಣ್ಣ ಊರಿಂದ ಹೊರಟ ಒಂದು ವ್ಯಾಗನ್ ಜೋಳ ಸುಪ್ರೀಂ ಕೋರ್ಟ್ ತನಕ ಹೋಗಿ, ಇಡೀ ಅಮೆರಿಕದ ರೈಲ್ವೆ ಕಾನೂನಿಗೆ ಕಾರಣ ಆಯ್ತು ಅಂತ ಗೊತ್ತಾಗಿದ್ದು ಆಮೇಲೆ ಎಷ್ಟೋ ವರ್ಷಕ್ಕೆ. ನಿಮ್ಮ ಕುರ್ಚಿಗಳ ಮೂಲ ಇರೋದೇ ಆ ವ್ಯಾಗನ್‌ನಲ್ಲಿ. ಇವತ್ತು ದೊಡ್ಡ ಸರಕು ರೈಲ್ವೆ ಕಂಪನಿಗಳಾದ ಯೂನಿಯನ್ ಪೆಸಿಫಿಕ್ ಮತ್ತು ನಾರ್ಫೋಕ್ ಸದರ್ನ್ ಒಂದಾಗೋ ವಿಷಯ ನಿಮ್ಮ ಮುಂದೆ ಬಂದಿರುವಾಗ ಆ ಕಥೆಯನ್ನ ನಿಮಗೆ ಮತ್ತೆ ನೆನಪಿಸ್ಬೇಕು ಅನ್ನಿಸ್ತು.

ಆಗಿದ್ದಿಷ್ಟು, ಹತ್ತೊಂಬತ್ತನೇ ಶತಮಾನದ ಮಾತು ಇದು. ವಾಬಾಶ್ ರೈಲ್ವೆ ಕಂಪನಿಯವರು ಇಲಿನಾಯ್‌ನ ಪಿಯೋರಿಯಾದಿಂದ ನ್ಯೂಯಾರ್ಕ್‌ಗೆ 26,000 ಪೌಂಡ್ ಸರಕಿನ ಒಂದು ವ್ಯಾಗನ್ ಸಾಗಿಸೋಕೆ ನೂರು ಪೌಂಡಿಗೆ 15 ಸೆಂಟ್ ಲೆಕ್ಕದಲ್ಲಿ 39 ಡಾಲರ್ ತಗೊಂಡ್ರು. ಅಷ್ಟೇ ತೂಕದ ಜೋಳ ಗಿಲ್ಮನ್‌ನಿಂದ ನ್ಯೂಯಾರ್ಕ್‌ಗೆ ಹೋಗಿದ್ದಕ್ಕೆ ನೂರು ಪೌಂಡಿಗೆ 25 ಸೆಂಟ್, ಅಂದ್ರೆ 65 ಡಾಲರ್. ಗಿಲ್ಮನ್ ಏನು ಹೆಚ್ಚು ದೂರದಲ್ಲಿತ್ತಾ ಅಂದ್ರೆ ಇಲ್ಲ, ನ್ಯೂಯಾರ್ಕ್‌ಗೆ ಅದು ಪಿಯೋರಿಯಾಗಿಂತ 86 ಮೈಲಿ ಹತ್ತಿರ! ದೂರದವನಿಗೆ ಕಮ್ಮಿ, ಹತ್ತಿರದವನಿಗೆ ಜಾಸ್ತಿ. ಪಿಯೋರಿಯಾ ದೊಡ್ಡ ಊರು, ಇಲಿನಾಯ್ ನದಿ ದಂಡೆ ಮೇಲಿದೆ, ಅಲ್ಲಿ ಗಿರಾಕಿಗೆ ಬೇರೆ ಕಂಪನಿಗಳ ಲೈನೂ ಸಿಗ್ತಿತ್ತು, ಹಂಗಾಗಿ ಅಲ್ಲಿ ರೇಟು ಇಳಿಸ್ಲೇಬೇಕು. ಗಿಲ್ಮನ್‌ನವನಿಗೆ ಆ ಥರದ ಆಯ್ಕೆ ಇರ್ಲಿಲ್ಲ, ಸೋ ಪಿಯೋರಿಯಾದಲ್ಲಿ ಬಿಟ್ಟ ಕಾಸನ್ನ ಗಿಲ್ಮನ್‌ನವನ ಹತ್ರ ವಸೂಲಿ ಮಾಡೋದು.

ಇದು ಒಂದು ಊರಿನ ಪಾಡಲ್ಲ. ಶಿಕಾಗೋದಿಂದ ಲೆಕ್ಸಿಂಗ್ಟನ್ ಅನ್ನೋ ಊರಿಗೆ ಮರ ಸಾಗಿಸೋಕೆ, ಅಲ್ಲಿಂದ 16 ಮೈಲಿ ಮುಂದಿರೋ ಬ್ಲೂಮಿಂಗ್ಟನ್‌ಗಿಂತ ಜಾಸ್ತಿ ತಗೋತಿದ್ರು. ಯಾಕೆ ಅಂದ್ರೆ ಅದೇ ಉತ್ತರ, ಬ್ಲೂಮಿಂಗ್ಟನ್‌ನಲ್ಲಿ ಇನ್ನೊಂದು ಕಂಪನಿ ಇತ್ತು.

ರೈಲ್ವೆಯವರ ವಾದ ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಹಳಿ ಹಾಕೋಕೆ, ಸೇತುವೆ ಕಟ್ಟೋಕೆ ಆದ ಸಾಲದ ಬಡ್ಡಿ ರೈಲು ಓಡಿದ್ರೂ ಕಟ್ಬೇಕು ಓಡದಿದ್ರೂ ಕಟ್ಬೇಕು, ಖಾಲಿ ವ್ಯಾಗನ್ ಓಡಿಸೋ ಬದಲು ಪೈಪೋಟಿ ಇರೋ ಕಡೆ ಕಮ್ಮಿಗಾದ್ರೂ ಸರಕು ತುಂಬಿಸ್ಕೊಳೋದು ಯಾವ ವ್ಯಾಪಾರಿಯಾದ್ರೂ ಮಾಡೋ ಕೆಲಸ, ದೂರದ ಸಾಗಣೆಗೆ ಮೈಲಿ ಲೆಕ್ಕದಲ್ಲಿ ಖರ್ಚು ಕಮ್ಮಿ ಬೀಳುತ್ತೆ ಅನ್ನೋದೂ ನಿಜ. ಮೈಲಿ ಲೆಕ್ಕದ ರೇಟು ಕಮ್ಮಿ ಆಗೋದು ಒಂದು ಮಾತು, ಒಟ್ಟು ಬಿಲ್ಲೇ ಹತ್ತಿರದವನಿಗೆ ಜಾಸ್ತಿ ಬರೋದು ಬೇರೆ ಮಾತು. ಎರಡನೇದನ್ನ ಗಿಲ್ಮನ್‌ನ ರೈತನ ಎದುರು ನಿಂತು ಸಮರ್ಥಿಸ್ಕೊಳೋಕೆ ಯಾರಿಗೂ ಆಗ್ತಿರ್ಲಿಲ್ಲ.

ಅದೂ ಅಲ್ದೆ ಈ ಹಳಿಗಳು ಬರೀ ಕಂಪನಿ ದುಡ್ಡಲ್ಲಿ ಆಗಿದ್ದಲ್ಲ. ಇಲಿನಾಯ್ ಸೆಂಟ್ರಲ್ ಲೈನಿಗೆ 1850ರ ಕಾನೂನಿಂದ 25 ಲಕ್ಷ ಎಕರೆಗೂ ಹೆಚ್ಚು ಸರ್ಕಾರಿ ಜಮೀನು ಸಿಕ್ತು. ವಿಸ್ಕಾನ್ಸಿನ್‌ನಲ್ಲಿ 1850ರ ದಶಕದಲ್ಲಿ ಸುಮಾರು 6,000 ರೈತರು ತಮ್ಮ ಹೊಲ ಅಡ ಇಟ್ಟು ರೈಲ್ವೆ ಶೇರು ತಗೊಂಡ್ರು, ನಮ್ಮೂರಿಗೆ ರೈಲು ಬಂದ್ರೆ ಬೆಳೆಗೆ ಬೆಲೆ ಸಿಗುತ್ತೆ ಅಂತ. 1857ರಲ್ಲಿ ಮಾರ್ಕೆಟ್ ಕುಸಿದು ಕಂಪನಿಗಳು ದಿವಾಳಿ ಆದಾಗ ಶೇರು ಕಾಗದ ಆಯ್ತು, ಅಡ ಹಾಗೇ ಉಳೀತು. ಆ ಅಡದ ಪತ್ರಗಳು ಆಗ್ಲೇ ಪೂರ್ವದ ರಾಜ್ಯಗಳ ಸಾಲ ಕೊಡೋರ ಕೈ ಸೇರಿದ್ವು. ಇದನ್ನ ಓದ್ದಾಗ ನನಗೆ ಎರಡು ದಿನ ಮನಸ್ಸಿಗೆ ಸಮಾಧಾನ ಇರ್ಲಿಲ್ಲ. ರೈಲಿಗೋಸ್ಕರ ಹೊಲಾನೇ ಒತ್ತೆ ಇಟ್ಟವರ ಸೀಮೆಯಲ್ಲಿ ಅದೇ ರೈಲು ಬಂದು ಬೆಳೆಯ ಲಾಭ ಎಲ್ಲ ಬಾಡಿಗೆಗೇ ಬಳ್ಕೊಂಡು ಹೋದ್ರೆ ಏನು ಮಾಡೋದು?

ಅವರು ಮಾಡಿದ್ದು ಸಂಘ ಕಟ್ಟಿದ್ದು. 1867ರ ಡಿಸೆಂಬರ್‌ನಲ್ಲಿ ಆಲಿವರ್ ಹಡ್ಸನ್ ಕೆಲ್ಲಿ ಅನ್ನೋರು, ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿದ್ದವರು, ಇನ್ನೂ ಕೆಲವರ ಜೊತೆ ಸೇರಿ ಗ್ರೇಂಜ್ ಅನ್ನೋ ರೈತ ಸಂಘ ಶುರು ಮಾಡಿದ್ರು. ಮೊದಲಿಗೆ ಅದು ರೈತರು ಒಟ್ಟಿಗೆ ಸೇರಿ ಕಲಿಯೋಕೆ, ಹಾಡೋಕೆ, ಊಟ ಮಾಡೋಕೆ ಇದ್ದ ಕೂಟ. ಕೆಲ್ಲಿಯವರ ಸೋದರ ಸೊಸೆ ಕ್ಯಾರೊಲಿನ್ ಹಾಲ್ ಒತ್ತಾಯ ಮಾಡಿದ್ರಿಂದ ಹೆಂಗಸರಿಗೂ ಗಂಡಸರಷ್ಟೇ ಸದಸ್ಯತ್ವ ಕೊಟ್ರು, ಅಮೆರಿಕದಲ್ಲಿ ಹೆಂಗಸರಿಗೆ ದೇಶಾದ್ಯಂತ ಓಟು ಸಿಗೋಕೆ ಇನ್ನೂ ಐವತ್ತು ವರ್ಷ ಇತ್ತು ಆಗ. 1873ರಲ್ಲಿ ಮತ್ತೆ ಆರ್ಥಿಕ ಕುಸಿತ ಆಗಿ ಜೋಳ ಗೋಧಿ ಬೆಲೆ ಬಿದ್ದಾಗ ಜನ ಮುಗಿಬಿದ್ದು ಸೇರಿದ್ರು, ಎರಡು ವರ್ಷದಲ್ಲಿ ಸದಸ್ಯರ ಸಂಖ್ಯೆ ಏಳೆಂಟು ಲಕ್ಷ ಮುಟ್ತು. 1873ರ ಜುಲೈ 4ರಂದು, ಸ್ವಾತಂತ್ರ್ಯ ದಿನಾಚರಣೆಯನ್ನೇ ರೈತರ ಜುಲೈ ನಾಲ್ಕು ಅಂತ ಕರೆದು ಊರೂರಲ್ಲಿ ಸಭೆ ಮಾಡಿದ್ರು.

ಕಾನೂನು ತಂದಿದ್ದು ಗ್ರೇಂಜ್ ಒಂದೇ ಅಂತಲ್ಲ. ಸಣ್ಣ ಊರಿನ ವ್ಯಾಪಾರಿಗಳು, ನ್ಯೂಯಾರ್ಕ್‌ನ ದೊಡ್ಡ ವರ್ತಕರು, ಪೆನ್ಸಿಲ್ವೇನಿಯಾದ ಎಣ್ಣೆ ಬಾವಿಯವರು ಎಲ್ಲ ಒಂದೊಂದು ಕಡೆಯಿಂದ ಒತ್ತಡ ಹಾಕಿದ್ರು. ಎಣ್ಣೆಯವರ ಕಥೆ ಇನ್ನೂ ಕೆಟ್ಟದ್ದು. 1872ರಲ್ಲಿ ಸೌತ್ ಇಂಪ್ರೂವ್‌ಮೆಂಟ್ ಕಂಪನಿ ಅಂತ ಒಂದು ಗುಟ್ಟಿನ ಒಪ್ಪಂದ ಬೆಳಕಿಗೆ ಬಂತು. ರಾಕ್‌ಫೆಲರ್ ಮತ್ತು ಜೊತೆಗಿದ್ದ ರಿಫೈನರಿಯವರಿಗೆ ರೈಲ್ವೆಗಳು ತಮ್ಮ ಬಾಡಿಗೆಯಲ್ಲಿ ರಿಬೇಟ್ ಕೊಡೋದಷ್ಟೇ ಅಲ್ಲ, ಅವರ ಪೈಪೋಟಿದಾರರು ಕಟ್ಟಿದ ಬಾಡಿಗೆಯಲ್ಲೂ ಒಂದು ಪಾಲು ಇವರಿಗೆ ಕೊಡೋದು ಅಂತ ಅದರಲ್ಲಿತ್ತು. ಅಂದ್ರೆ ನೀವು ನಿಮ್ಮ ಎಣ್ಣೆ ಸಾಗಿಸೋಕೆ ಕೊಟ್ಟ ಕಾಸು ನಿಮ್ಮನ್ನ ಮುಳುಗಿಸೋನ ಜೇಬಿಗೆ. ಜನ ಎದ್ದು ನಿಂತಿದ್ದಕ್ಕೆ ಕೆಲವೇ ವಾರದಲ್ಲಿ ಅದು ಬಿದ್ದುಹೋಯ್ತು, ಆದ್ರೆ ಗುಟ್ಟಿನ ರಿಬೇಟ್ ಅನ್ನೋ ಪದ್ಧತಿ ಬೀಳ್ಲಿಲ್ಲ.

ಇಲ್ಲಿ ಸ್ವಲ್ಪ ನಮ್ಮೂರ ಮಾತು ಹೇಳ್ತೀನಿ. ನಮ್ಮ ಕಡೆ ಮಂಡಿಯಲ್ಲಿ ಬಿಳಿ ಚೀಟಿ ಅಂತ ಒಂದಿದೆ. ಪಕ್ಕಾ ಬಿಲ್ಲು ಕೊಡದೆ ಬಿಳಿ ಹಾಳೆ ಮೇಲೆ ತೂಕ, ಸೂಟು, ದಲಾಲಿ, ಹಮಾಲಿ ಎಲ್ಲ ಗೀಚಿ, ಕಳೆದು, ಉಳಿದದ್ದು ಇಷ್ಟು ಅಂತ ರೈತನ ಕೈಗೆ ಕೊಡೋದು. ದಲಾಲರು ರೈತರ ಹತ್ರ ದಲಾಲಿ ಹಿಡೀಬಾರ್ದು ಅಂತ ರೂಲ್ಸ್ ಇದ್ರೂ ಹಿಡೀತಿದ್ರು. ಒಂದು ಸಲ ಅಪ್ಪ ಒಬ್ಬ ವರ್ತಕರ ಹತ್ರ ಜೋಳ ಮಾರಿ ಬಂದು ರಾತ್ರಿ ಲಾಟೀನು ಬೆಳಕಲ್ಲಿ ಆ ಚೀಟಿ ಮುಂದಿಟ್ಕೊಂಡು ಮೂರು ಸಲ ಕೂಡಿ ಕಳೆದ್ರು, ಲೆಕ್ಕ ತಾಳೆ ಆಗ್ಲಿಲ್ಲ. ಕೇಳೋಣ ಅಂದ್ರೆ ಆ ಚೀಟಿ ಮೇಲೆ ಅಂಗಡಿ ಹೆಸರಿಲ್ಲ, ಸಹಿ ಇಲ್ಲ. ಪಕ್ಕದ ಊರಿನವನಿಗೆ ಏನು ರೇಟು ಹಿಡಿದ್ರು ಅನ್ನೋದಂತೂ ಗೊತ್ತಾಗೋದೇ ಇಲ್ಲ. ಹೋಗ್ಲಿ ಬಿಡು ಅಂದ್ರು. ಆ ಹೋಗ್ಲಿ ಬಿಡು ನನ್ನ ಕಿವಿಯಲ್ಲಿ ಇನ್ನೂ ಇದೆ. ಅದಕ್ಕೇ ನನಗೆ 1887ರ ಅಮೆರಿಕದ ರೈಲ್ವೆ ಕಾನೂನಿನ ಎಲ್ಲ ಸೆಕ್ಷನ್‌ಗಿಂತ ಆರನೇ ಸೆಕ್ಷನ್ ಮೇಲೆ ಪ್ರೀತಿ ಜಾಸ್ತಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಅದಕ್ಕೆ ಮುಂಚೆ ಶಿಕಾಗೋದ ಎಲಿವೇಟರ್ ವಿಷಯ. ಇದು ಮನುಷ್ಯರನ್ನ ಹತ್ತಿಸೋ ಲಿಫ್ಟ್ ಅಲ್ಲ, ಕಾಳು ತುಂಬೋ ಭಾರಿ ಎತ್ತರದ ಗೋಡೌನು, ಸ್ಟೀಮ್ ಇಂಜಿನ್‌ನಿಂದ ಕಾಳನ್ನ ಮೇಲಕ್ಕೆ ಎತ್ತಿ ಕೆಳಗೆ ಕೂತಿರೋ ವ್ಯಾಗನ್‌ಗೋ ಹಡಗಿಗೋ ಸುರಿಯೋದು. ಪಶ್ಚಿಮದ ಕಾಳೆಲ್ಲ ಶಿಕಾಗೋಗೇ ಬರ್ಬೇಕು, ಬಂದದ್ದು ಈ ಕೆಲವೇ ಎಲಿವೇಟರ್ ಮೂಲಕ ಹೋಗ್ಬೇಕು, ಮಾಲೀಕರು ವರ್ಷಕ್ಕೊಮ್ಮೆ ಕೂತು ರೇಟು ತಾವೇ ಮಾತಾಡ್ಕೊಂಡು ಫಿಕ್ಸ್ ಮಾಡ್ತಿದ್ರು. ಮನ್ ಮತ್ತು ಸ್ಕಾಟ್ ಅನ್ನೋ ಪಾಲುದಾರರು ಇದರಲ್ಲಿ ದೊಡ್ಡ ಕುಳ. ಅವರ ಗೋಡೌನಿನ ಕಾಳು ತುಂಬೋ ಬಿನ್‌ಗಳಲ್ಲಿ ಸುಳ್ಳು ತಳ ಕಟ್ಟಿ, ಮೇಲಷ್ಟೇ ಕಾಳು ಹರಡಿ, ಬಿನ್ ತುಂಬಾ ಇದೆ ಅಂತ ಇನ್‌ಸ್ಪೆಕ್ಟರ್‌ಗೆ ತೋರಿಸಿದ್ದು 1872ರಲ್ಲಿ ಬಯಲಾಗಿ ಅವರನ್ನ ಕಾಳು ವ್ಯಾಪಾರದ ಮಾರುಕಟ್ಟೆ ಸಂಸ್ಥೆ ಶಿಕಾಗೋ ಬೋರ್ಡ್ ಆಫ್ ಟ್ರೇಡ್‌ನಿಂದ ಹೊರಗೆ ಹಾಕಿದ್ರು.

ಇಲಿನಾಯ್ 1870ರಲ್ಲಿ ಹೊಸ ಸಂವಿಧಾನ ಬರ್ಕೊಂಡಾಗ್ಲೇ ರೈಲ್ವೆ ಮತ್ತು ಗೋಡೌನುಗಳ ಮೇಲೆ ಕಾನೂನು ಮಾಡೋ ಅಧಿಕಾರ ಸೇರಿಸ್ಕೊಂಡಿತ್ತು. 1871ರಲ್ಲಿ ಕಾಳು ಇಟ್ಕೊಳೋಕೆ ಮೊದಲ ಮೂವತ್ತು ದಿನಕ್ಕೆ ಕಾಳು ಅಳೆಯೋ ಮಾಪಾದ ಬುಶೆಲ್‌ಗೆ 2 ಸೆಂಟ್ ಮೀರಬಾರ್ದು, ಲೈಸೆನ್ಸ್ ತಗೋಬೇಕು ಅಂತ ಕಾನೂನು ಬಂತು. ಮನ್ ಮತ್ತು ಸ್ಕಾಟ್ ಲೈಸೆನ್ಸ್ ತಗೊಳ್ಲಿಲ್ಲ, 100 ಡಾಲರ್ ದಂಡ ಬಿತ್ತು. ನಮ್ಮ ಆಸ್ತಿ ನಮ್ಮ ರೇಟು ಅಂತ ಅವರು ಕೋರ್ಟಿಗೆ ಹೋದ್ರು. 1877ರ ಮಾರ್ಚ್ 1ರಂದು ಸುಪ್ರೀಂ ಕೋರ್ಟ್ ಏಳು-ಎರಡರ ಬಹುಮತದಲ್ಲಿ ತೀರ್ಪು ಕೊಡ್ತು. ಮುಖ್ಯ ನ್ಯಾಯಮೂರ್ತಿ ಮಾರಿಸನ್ ವೇಟ್ ಅವರು 17ನೇ ಶತಮಾನದ ಇಂಗ್ಲೆಂಡಿನ ನ್ಯಾಯಾಧೀಶ ಹೇಲ್ ಹೇಳಿದ್ದನ್ನ ಹಿಡ್ಕೊಂಡು, ಯಾವಾಗ ಒಬ್ಬ ತನ್ನ ಆಸ್ತಿಯನ್ನ ಇಡೀ ಸಾರ್ವಜನಿಕರ ಬದುಕಿಗೆ ತಟ್ಟೋ ಹಂಗೆ ಬಳಸ್ತಾನೋ ಆಗ ಸಾರ್ವಜನಿಕರಿಗೂ ಅದರ ಮೇಲೆ ಒಂದು ಹಕ್ಕು ಬರುತ್ತೆ, ಒಳ್ಳೇದಕ್ಕೋಸ್ಕರ ಅದನ್ನ ನಿಯಂತ್ರಿಸೋಕೆ ಬಿಡ್ಲೇಬೇಕು ಅನ್ನೋ ಅರ್ಥದಲ್ಲಿ ಬರೆದ್ರು. ಸ್ಟೀಫನ್ ಫೀಲ್ಡ್ ಅನ್ನೋ ನ್ಯಾಯಮೂರ್ತಿ ಒಪ್ಪಲಿಲ್ಲ, ಹಿಂಗಾದ್ರೆ ಯಾರ ಆಸ್ತಿಯೂ ಉಳಿಯಲ್ಲ ಅಂದ್ರು. ಅದೇ ದಿನ ಅಯೋವಾ, ವಿಸ್ಕಾನ್ಸಿನ್, ಮಿನ್ನೆಸೋಟದ ರೈಲ್ವೆ ಕಾನೂನುಗಳೂ ಇದೇ ಆಧಾರದ ಮೇಲೆ ಉಳ್ಕೊಂಡ್ವು.

ನಡುವೆ ನನಗೆ ಇಷ್ಟ ಆಗದ ಒಂದು ಘಟನೆಯೂ ಇದೆ, ಅದನ್ನ ಬಿಟ್ಟು ಹೇಳಿದ್ರೆ ಪ್ರಾಮಾಣಿಕತೆ ಆಗಲ್ಲ. ಆ ಲೆಕ್ಸಿಂಗ್ಟನ್ ಮರದ ಕೇಸಿನಲ್ಲಿ ಇಲಿನಾಯ್ ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಲಾರೆನ್ಸ್ 1871ರ ರೈಲ್ವೆ ಕಾನೂನನ್ನ ರದ್ದು ಮಾಡಿದ್ರು. ರೈತರು ಕೋಪದಲ್ಲಿ 1873ರ ಚುನಾವಣೆಯಲ್ಲಿ ಅವರನ್ನ ಸೋಲಿಸಿ ಬೇರೆಯವರನ್ನ ಗೆಲ್ಲಿಸಿದ್ರು. ಆದ್ರೆ ತೀರ್ಪು ಓದಿದ್ರೆ ಲಾರೆನ್ಸ್ ಹೇಳಿದ್ದು ಕಂಪನಿ ಮಾಡಿದ್ದು ಸರಿ ಅಂತ ಅಲ್ಲ. ಅನ್ಯಾಯದ ತಾರತಮ್ಯ ತಡೀರಿ, ಆದ್ರೆ ಈ ಕಾನೂನು ನ್ಯಾಯ-ಅನ್ಯಾಯ ನೋಡದೆ ಎಲ್ಲ ವ್ಯತ್ಯಾಸವನ್ನೂ ಅಪರಾಧ ಅನ್ನುತ್ತೆ, ಕಂಪನಿಗೆ ಕಾರಣ ಹೇಳೋಕೂ ಬಿಡಲ್ಲ, ಅಂತ. ಅವರು ತೋರಿಸಿದ ತಪ್ಪನ್ನೇ ತಿದ್ದಿ ಆ ವರ್ಷ ಹೊಸ ಕಾನೂನು ಬಂತು, ಅದು ಗಟ್ಟಿ ಆಯ್ತು. ಒಳ್ಳೇ ಸಲಹೆ ಕೊಟ್ಟವರೇ ಕೆಲಸ ಕಳ್ಕೊಂಡ್ರು. ನಿಮ್ಮ ಕಡೆಯಿಂದ ಬರೋ ಆರ್ಡರ್‌ಗಳನ್ನ ನಾವೂ ಪೂರ್ತಿ ಓದಿ ಆಮೇಲೆ ಕೋಪ ಮಾಡ್ಕೋಬೇಕು ಅಂತ ಇದನ್ನ ಹೇಳಿದೆ.

ಮತ್ತೆ ಗಿಲ್ಮನ್‌ಗೆ ಬರ್ತೀನಿ. ಇಲಿನಾಯ್ ಸರ್ಕಾರ ವಾಬಾಶ್ ಮೇಲೆ ಕೇಸು ಹಾಕಿ ರಾಜ್ಯದ ಕೋರ್ಟಲ್ಲಿ ಗೆಲ್ತು. ಆದ್ರೆ 1886ರ ಅಕ್ಟೋಬರ್ 25ರಂದು ಸುಪ್ರೀಂ ಕೋರ್ಟ್, ಸರಕು ಇಲಿನಾಯ್‌ನಿಂದ ನ್ಯೂಯಾರ್ಕ್‌ಗೆ ಹೋಗುತ್ತೆ, ರಾಜ್ಯ ದಾಟೋ ವ್ಯಾಪಾರಕ್ಕೆ ರಾಜ್ಯ ರೂಲ್ಸ್ ಹಾಕೋಹಂಗಿಲ್ಲ, ಅದು ಕಾಂಗ್ರೆಸ್, ಅಂದ್ರೆ ಅಮೆರಿಕದ ಸಂಸತ್ತಿನ, ಕೆಲಸ ಅಂತ ತೀರ್ಪು ತಿರುಗಿಸ್ತು. ರಾಜ್ಯಕ್ಕೆ ಅಧಿಕಾರ ಇಲ್ಲ, ಕೇಂದ್ರದ ಕಾನೂನೇ ಇಲ್ಲ, ಅಂದ್ರೆ ದೊಡ್ಡ ಪಾಲಿನ ಸಾಗಣೆಗೆ ಕೇಳೋರೇ ಇಲ್ಲದ ಹಂಗಾಯ್ತು. ಅದೃಷ್ಟಕ್ಕೆ ಕೆಲಸ ಆಗ್ಲೇ ನಡೀತಿತ್ತು. ಟೆಕ್ಸಾಸ್‌ನ ಸಂಸದ ಜಾನ್ ರೇಗನ್ ಹತ್ತಿರ ಹತ್ತು ವರ್ಷದಿಂದ ಮಸೂದೆ ಹಿಡ್ಕೊಂಡು ಓಡಾಡ್ತಿದ್ರು, ಇಲಿನಾಯ್‌ನ ಸೆನೆಟರ್ ಶೆಲ್ಬಿ ಕಲಮ್ ಅವರ ಸಮಿತಿ 1885ರಲ್ಲಿ ವಾಷಿಂಗ್ಟನ್‌ನಲ್ಲೇ ಕೂರದೆ ಬೇರೆ ಬೇರೆ ಊರಿಗೆ ಹೋಗಿ ಸಾಕ್ಷಿ ಕೇಳಿತ್ತು. ತೀರ್ಪು ಬಂದು ನೂರು ಚಿಲ್ಲರೆ ದಿನಕ್ಕೆ, 1887ರ ಫೆಬ್ರವರಿ 4ರಂದು, ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಇಂಟರ್‌ಸ್ಟೇಟ್ ಕಾಮರ್ಸ್ ಕಾಯ್ದೆಗೆ ಸಹಿ ಹಾಕಿದ್ರು.

ಐದು ಜನರ ಕಮಿಷನ್, ಮಿಷಿಗನ್‌ನ ನ್ಯಾಯಾಧೀಶರಾಗಿದ್ದ ಥಾಮಸ್ ಕೂಲಿ ಮೊದಲ ಅಧ್ಯಕ್ಷರು. ನಿಮ್ಮ ಬೋರ್ಡ್‌ನ ಅಜ್ಜ ಅಂದ್ರೆ ಇದೇ ಕಮಿಷನ್. ರೇಟು ನ್ಯಾಯವಾಗಿರ್ಬೇಕು, ಒಬ್ಬನಿಗೊಂದು ಇನ್ನೊಬ್ಬನಿಗೊಂದು ಮಾಡಬಾರ್ದು, ಕಂಪನಿಗಳು ಸೇರಿ ಪೂಲ್ ಮಾಡ್ಕೊಂಡು ಆದಾಯ ಹಂಚ್ಕೋಬಾರ್ದು, ಒಂದೇ ಲೈನಿನ ಮೇಲೆ ಒಂದೇ ದಿಕ್ಕಲ್ಲಿ ಒಂದೇ ಥರದ ಪರಿಸ್ಥಿತಿ ಇದ್ದಾಗ ಹತ್ತಿರದ ಊರಿಗೆ ದೂರದ ಊರಿಗಿಂತ ಜಾಸ್ತಿ ತಗೋಬಾರ್ದು. ಆ ನಾಲ್ಕನೇ ಸೆಕ್ಷನ್ ಓದಿದಾಗೆಲ್ಲ ನನಗೆ ಗಿಲ್ಮನ್ ಕಾಣುತ್ತೆ. ಆರನೇದು, ರೇಟು ಪಟ್ಟಿಯನ್ನ ಪ್ರಿಂಟ್ ಮಾಡಿ ಪ್ರತಿ ಸ್ಟೇಷನ್‌ನಲ್ಲಿ ಜನ ನೋಡೋ ಹಂಗೆ ಇಡ್ಬೇಕು, ಏರಿಸೋದಾದ್ರೆ ಹತ್ತು ದಿನ ಮುಂಚೆ ಹೇಳ್ಬೇಕು. ಬಿಳಿ ಚೀಟಿ ನಡೆಯಲ್ಲ. ನಮ್ಮಪ್ಪನ ಥರದವನು ಸ್ಟೇಷನ್‌ಗೆ ಹೋಗಿ, ಪಕ್ಕದ ಊರಿಗೆ ಎಷ್ಟು ನಮಗೆ ಎಷ್ಟು ಅಂತ ಬೆರಳಿಟ್ಟು ಓದಬಹುದು!

ಆದ್ರೆ ಹಲ್ಲಿಲ್ಲದ ಕಾನೂನು ಅದು. ರೇಟು ಅನ್ಯಾಯ ಅಂತ ಕಮಿಷನ್ ಹೇಳಬಹುದಿತ್ತು, ನ್ಯಾಯದ ರೇಟು ಇಷ್ಟು ಅಂತ ಹೇಳೋ ಅಧಿಕಾರ ಇಲ್ಲ ಅಂತ 1897ರಲ್ಲಿ ಕೋರ್ಟ್ ಹೇಳ್ತು. ಅದೇ ವರ್ಷ ಇನ್ನೊಂದು ಕೇಸಲ್ಲಿ, ಪೈಪೋಟಿ ಇರೋ ಊರಿನ ಪರಿಸ್ಥಿತಿ ಬೇರೆ ಅಂತ ಒಪ್ಕೊಂಡು ನಾಲ್ಕನೇ ಸೆಕ್ಷನ್ನನ್ನೂ ಖಾಲಿ ಮಾಡ್ತು. ಅಷ್ಟಕ್ಕೇ ಗಿಲ್ಮನ್ ಮತ್ತೆ 1886ಕ್ಕೆ ವಾಪಸ್. 1887ರಿಂದ 1905ರ ತನಕ ಸುಪ್ರೀಂ ಕೋರ್ಟ್‌ಗೆ ಹೋದ 16 ಕೇಸಲ್ಲಿ 15 ರೈಲ್ವೆಗಳೇ ಗೆದ್ವು. ರಿಚರ್ಡ್ ಓಲ್ನಿ ಅನ್ನೋ ರೈಲ್ವೆ ವಕೀಲರು, ಮುಂದೆ ಅಟಾರ್ನಿ ಜನರಲ್ ಆದವರು, 1892ರಲ್ಲೇ ಬರ್ಲಿಂಗ್ಟನ್ ರೈಲ್ವೆಯ ಅಧ್ಯಕ್ಷರಿಗೆ ಬರೆದ ಕಾಗದದಲ್ಲಿ ಕಮಿಷನ್ನನ್ನ ತೆಗೆಸೋಕೆ ಹೋಗ್ಬೇಡಿ, ಜನರ ಕೂಗಿಗೆ ಅದು ಸಮಾಧಾನ ಕೊಡುತ್ತೆ, ಮೇಲ್ವಿಚಾರಣೆ ಮಾತ್ರ ಹೆಸರಿಗಷ್ಟೇ, ವಯಸ್ಸಾದಂತೆ ಅದು ರೈಲ್ವೆಯವರ ಕಣ್ಣಿಂದಲೇ ನೋಡೋಕೆ ಶುರು ಮಾಡುತ್ತೆ ಅನ್ನೋ ಅರ್ಥದಲ್ಲಿ ಹೇಳಿದ್ರು. ನಿಮ್ಮ ಆಫೀಸಿನ ಗೋಡೆ ಮೇಲೆ ತೂಗುಹಾಕ್ಬೇಕಾದ ಕಾಗದ ಅದು ಅಂತ ನನ್ನ ಅಭಿಪ್ರಾಯ.

ಹಲ್ಲು ಬಂದಿದ್ದು ಥಿಯೊಡೋರ್ ರೂಸ್‌ವೆಲ್ಟ್ ಕಾಲಕ್ಕೆ. 1903ರ ಎಲ್ಕಿನ್ಸ್ ಕಾಯ್ದೆ ರಿಬೇಟ್ ತಗೊಂಡವನನ್ನೂ ಅಪರಾಧಿ ಮಾಡ್ತು, 1906ರ ಹೆಪ್‌ಬರ್ನ್ ಕಾಯ್ದೆ ಗರಿಷ್ಠ ರೇಟು ನಿಗದಿ ಮಾಡೋ ಅಧಿಕಾರ ಕೊಡ್ತು, ಎಲ್ಲ ಕಂಪನಿ ಒಂದೇ ಥರ ಲೆಕ್ಕ ಬರೀಬೇಕು ಅಂತ ಮಾಡ್ತು, ಪುಕ್ಕಟೆ ಪಾಸ್‌ಗಳಿಗೆ ಕಡಿವಾಣ ಹಾಕ್ತು, ಅವರ ನಂತರ 1910ರಲ್ಲಿ ಹೊಸ ರೇಟನ್ನ ತಡೆಹಿಡಿಯೋ ಅಧಿಕಾರವೂ ಬಂತು. ಗಿಲ್ಮನ್‌ನಿಂದ ಲೆಕ್ಕ ಹಾಕಿದ್ರೆ ಇಪ್ಪತ್ತು ವರ್ಷದ ಮೇಲಾಯ್ತು, ಅಷ್ಟು ದಿನ ಯಾರು ಜಾಸ್ತಿ ಕಟ್ಟಿದ್ರು ಅನ್ನೋದು ನಿಮಗೆ ಗೊತ್ತು.

ಆಮೇಲಿನದು ಚುಟುಕಾಗಿ. ಮುಂದೆ ಲಾರಿ ಬಂತು, ಹೈವೇ ಬಂತು, ಹಳೇ ರೂಲ್ಸ್ ರೈಲ್ವೆಗಳಿಗೇ ಉರುಳಾಯ್ತು, ಪೂರ್ವದ ದೊಡ್ಡ ಕಂಪನಿಗಳು ದಿವಾಳಿ ಎದ್ವು, 1980ರ ಸ್ಟಾಗರ್ಸ್ ಕಾಯ್ದೆ ಹೆಚ್ಚಿನ ರೂಲ್ಸ್ ಸಡಿಲ ಮಾಡ್ತು. ಅದು ಬೇಕಿತ್ತು, ಅದರಿಂದ ರೈಲ್ವೆಗಳು ಉಳ್ಕೊಂಡ್ವು, ಇದನ್ನ ನಾನು ಅಲ್ಲಗಳೆಯಲ್ಲ. 1995ರ ಕೊನೆಗೆ ಹಳೇ ಕಮಿಷನ್ ಮುಚ್ಚಿ 1996ರಿಂದ ನಿಮ್ಮ ಬೋರ್ಡ್ ಶುರು ಆಯ್ತು. ಆದ್ರೆ ಈ ನಡುವೆ ದೊಡ್ಡ ಕಂಪನಿಗಳು ಒಂದರೊಳಗೊಂದು ಸೇರ್ತಾ ಸೇರ್ತಾ, 1980ರಲ್ಲಿ ನಲವತ್ತರ ಹತ್ತಿರ ಇದ್ದ ಕ್ಲಾಸ್ ಒನ್, ಅಂದ್ರೆ ಅತಿ ದೊಡ್ಡ, ಸರಕು ರೈಲ್ವೆಗಳು 2023ಕ್ಕೆ ಆರಕ್ಕೆ ಇಳಿದ್ವು. 2025ರ ಜುಲೈನಲ್ಲಿ ಯೂನಿಯನ್ ಪೆಸಿಫಿಕ್‌ನವರು 85 ಬಿಲಿಯನ್ ಡಾಲರ್ ಲೆಕ್ಕದಲ್ಲಿ ನಾರ್ಫೋಕ್ ಸದರ್ನ್ ಕೊಳ್ತೀವಿ ಅಂತ ಘೋಷಿಸಿದ್ರು. 43 ರಾಜ್ಯ, 50,000 ಮೈಲಿ ಹಳಿ, ಒಂದು ಸಮುದ್ರದಿಂದ ಇನ್ನೊಂದಕ್ಕೆ ಒಂದೇ ಕಂಪನಿ. ವ್ಯಾಗನ್‌ಗಳು ಶಿಕಾಗೋದಲ್ಲಿ ಕೈ ಬದಲಾಯಿಸದೆ ನೇರ ಹೋಗುತ್ತೆ, ಟೈಮ್ ಉಳಿಯುತ್ತೆ ಅಂತಾರೆ. ಇರಬಹುದು.

ನಾನು ಕೇಳೋದು ಪಿಯೋರಿಯಾ ಬಗ್ಗೆ ಅಲ್ಲ, ಗಿಲ್ಮನ್ ಬಗ್ಗೆ. ಇವತ್ತೂ ಈ ದೇಶದಲ್ಲಿ ಒಂದೇ ರೈಲ್ವೆ ಲೈನ್ ತಲುಪೋ ಎಲಿವೇಟರ್‌ಗಳಿವೆ, ಗೊಬ್ಬರದ ಫ್ಯಾಕ್ಟರಿಗಳಿವೆ, ಕಲ್ಲಿದ್ದಲಿನ ಕರೆಂಟ್ ಪ್ಲಾಂಟುಗಳಿವೆ, ಅವರನ್ನ ನಿಮ್ಮ ಭಾಷೆಯಲ್ಲೇ ಕ್ಯಾಪ್ಟಿವ್ ಶಿಪ್ಪರ್ ಅಂತೀರಿ, ಸೆರೆ ಸಿಕ್ಕ ಗಿರಾಕಿ. ದೊಡ್ಡ ಪೋರ್ಟಿನಿಂದ ಪೋರ್ಟಿಗೆ ಹೋಗೋ ಕಂಟೇನರ್‌ಗೆ ಲಾರಿ ಪೈಪೋಟಿ ಇದೆ, ಅಲ್ಲಿ ರೇಟು ತಾನಾಗೇ ಇಳಿಯುತ್ತೆ. ಹಂಗೆ ಇಳಿದದ್ದನ್ನ ಯಾರಿಂದ ತುಂಬಿಸ್ಕೊಳ್ತಾರೆ? ವಿಲೀನದಿಂದ ಪೈಪೋಟಿ ಕಮ್ಮಿ ಆಗ್ಬಾರ್ದು ಅಷ್ಟೇ ಅಲ್ಲ, ಹೆಚ್ಚಬೇಕು ಅಂತ 2001ರಲ್ಲಿ ರೂಲ್ಸ್ ಬರೆದವರು ನಿಮ್ಮ ಬೋರ್ಡಿನವರೇ. ಆ ರೂಲ್ಸನ್ನ ಇಷ್ಟು ದೊಡ್ಡ ಕೇಸಿಗೆ ಹಚ್ಚೋದು ಇದೇ ಮೊದಲು.

ಹಂಗಾಗಿ ನನ್ನ ಬೇಡಿಕೆ ಮೂರೇ ಮಾತಲ್ಲಿ ಇದೆ. ನಿರ್ಧಾರ ಮಾಡೋಕೆ ಮುಂಚೆ, ಈ ಎರಡು ಕಂಪನಿಗಳ ಲೈನಿನ ಮೇಲೆ ಬೇರೆ ದಾರಿಯೇ ಇಲ್ಲದ ಊರುಗಳು ಯಾವುವು, ಅಲ್ಲಿ ಇವತ್ತು ಏನು ರೇಟು, ಪೈಪೋಟಿ ಇರೋ ಊರಲ್ಲಿ ಏನು ರೇಟು ಅಂತ ಪಕ್ಕಪಕ್ಕ ಇಟ್ಟು ಪ್ರಕಟ ಮಾಡಿ, ಕಾಂಟ್ರಾಕ್ಟ್ ಗುಟ್ಟು ಅಂತಾದ್ರೆ ಕಂಪನಿ ಹೆಸರು ಮುಚ್ಚಿ ಸರಾಸರಿನಾದ್ರೂ ಹಾಕಿ. ಕಲಮ್ ಸಮಿತಿ 1885ರಲ್ಲಿ ಮಾಡಿದ ಹಂಗೆ ಎದ್ದು ಬನ್ನಿ, ಎಲಿವೇಟರ್ ಇರೋ ಸಣ್ಣ ಊರಲ್ಲಿ ವಿಚಾರಣೆ ಇಡಿ, ವಕೀಲರಿಗೆ ಫೀಸು ಕೊಡೋಕಾಗದ ರೈತ ಅಲ್ಲಿಗೆ ಬರ್ತಾನೆ. ಮತ್ತೆ ಒಪ್ಪಿಗೆ ಕೊಡೋದೇ ಆದ್ರೆ, ಹತ್ತಿರದವನಿಗೆ ದೂರದವನಿಗಿಂತ ಜಾಸ್ತಿ ಇಲ್ಲ ಅನ್ನೋ ಆ ಹಳೇ ನಾಲ್ಕನೇ ಸೆಕ್ಷನ್‌ನ ಮಾತನ್ನ ಒಪ್ಪಿಗೆಯ ಷರತ್ತಾಗಿ ಬರೆದು ಹಾಕಿ.

ನಮ್ಮ ಕನ್ನಡದವರಿಗೆ: ಬೋರ್ಡ್‌ಗೆ ಸಾರ್ವಜನಿಕರು ಯಾರು ಬೇಕಾದ್ರೂ ಅಭಿಪ್ರಾಯ ಬರೀಬಹುದು, ವಕೀಲರು ಬೇಕಿಲ್ಲ, ಒಂದು ಪುಟ ಸಾಕು. ನಿಮ್ಮ ಊರಿನ ಪಕ್ಕ ಎಲಿವೇಟರ್ ಇದ್ರೆ ಅಲ್ಲಿಗೊಂದು ಸಲ ಹೋಗಿ, ಅಲ್ಲಿನವರನ್ನ ಮಾತಾಡಿಸಿ, ಅವರು ಹೇಳಿದ್ದನ್ನ ಬರೆದು ಕಳಿಸಿ. ನಾನು ಮುಂದಿನ ಶನಿವಾರ ಗಿಲ್ಮನ್‌ನಲ್ಲಿ ಇಳೀತಿದೀನಿ. ಇಷ್ಟು ವರ್ಷ ಕಿಟಕಿಯಿಂದಷ್ಟೇ ನೋಡಿದ ಊರು.

ಇಂತಿ,
ಇಲಿನಾಯ್‌ನಲ್ಲಿರೋ ದಾವಣಗೆರೆ ಕಡೆಯ ಒಬ್ಬ ರೈತನ ಮಗ